ಹೈಸ್ಕೂಲ್ ತಂಡದಿಂದ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ವರೆಗೆ: ಅಮೆರಿಕದ ದಾರಿಗೊಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಹೈಸ್ಕೂಲ್ ತಂಡಗಳಲ್ಲಿ ಚೆನ್ನಾಗಿ ಆಡುವ ಮಕ್ಕಳು ಎಡವುವ ಜಾಗ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಹನ್ನೆರಡನೆಯ ತರಗತಿಯಲ್ಲಿ ಕಾಲೇಜಿನ ಕೋಚ್ ಒಬ್ಬರು ಆಸಕ್ತಿ ತೋರಿದಾಗ, ಅಂಕಪಟ್ಟಿಯಲ್ಲಿ ಇರಬೇಕಾದ ವಿಷಯಗಳು ಇಲ್ಲವೆಂಬುದು ಬೆಳಕಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಬೇಸಿಗೆಯ ಪಂದ್ಯಾವಳಿಗಳಿಗೆ, ಖಾಸಗಿ ತರಬೇತಿಗೆ, ವಿಡಿಯೊ ಮಾಡಿಸುವುದಕ್ಕೆ ಸಾವಿರಾರು ಡಾಲರ್ ಖರ್ಚಾಗಿರುತ್ತದೆ. ಒಂಬತ್ತನೆಯ ತರಗತಿಯಲ್ಲಿ ಒಂದು ಪೈಸೆಯೂ ಖರ್ಚಿಲ್ಲದೆ ಮುಗಿಯಬಹುದಾಗಿದ್ದ ಕೆಲಸ ಮಾತ್ರ ಉಳಿದುಹೋಗಿರುತ್ತದೆ. ಈ ದಾರಿಯಲ್ಲಿ ಪ್ರತಿಭೆಯ ಕೊರತೆಯಷ್ಟೇ ಮಂದಿಯನ್ನು ಕೆಲಸಗಳ ಕ್ರಮ ತಪ್ಪಿದ್ದು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಇಲ್ಲಿ ಹಂತಗಳನ್ನು ಮಾಡಬೇಕಾದ ಕ್ರಮದಲ್ಲೇ ಕೊಟ್ಟಿದೆ; ಮುಂದಿನದಕ್ಕೆ ಹಾರುವ ಆಸೆಯನ್ನು ತಡೆದುಕೊಂಡು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಅಂಕಿಸಂಖ್ಯೆಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಕೊಡುವ ಅಂದಾಜಿನಂತೆ, ಹೈಸ್ಕೂಲ್‌ನಲ್ಲಿ ಆಡುವ ಹುಡುಗರಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಮಾತ್ರ ಅದರ ಕಾಲೇಜು ತಂಡಗಳನ್ನು ಸೇರುತ್ತಾರೆ; ಅಲ್ಲಿ ಡ್ರಾಫ್ಟ್‌ಗೆ, ಅಂದರೆ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ವಾರ್ಷಿಕ ಪ್ರಕ್ರಿಯೆಗೆ, ಅರ್ಹರಾದವರಲ್ಲಿ ಅಮೆರಿಕದ ಅಗ್ರ ವೃತ್ತಿಪರ ಲೀಗಾದ ಎನ್‌ಬಿಎಯ ತಂಡಗಳು ಆರಿಸಿಕೊಳ್ಳುವುದು ನೂರಕ್ಕೆ ಸುಮಾರು ಒಬ್ಬರನ್ನು. ಧೈರ್ಯಗೆಡಿಸಲು ಇದನ್ನು ಹೇಳುತ್ತಿಲ್ಲ. ಎನ್‌ಬಿಎ ಸಿಗದಿದ್ದರೂ ಪದವಿ, ವಿದ್ಯಾರ್ಥಿವೇತನ ಅಥವಾ ಬೇರೆ ಲೀಗಿನ ಸಂಬಳ ಕೈಯಲ್ಲಿ ಉಳಿಯುವಂತೆ ಪ್ರತಿ ಹಂತವನ್ನೂ ಕಟ್ಟಿಕೊಳ್ಳಬೇಕು ಎಂಬುದಕ್ಕಾಗಿ ಹೇಳುತ್ತಿದ್ದೇನೆ.

ಕೈಯಲ್ಲಿ ಇರಬೇಕಾದವು

ಒಂಬತ್ತನೆಯ ತರಗತಿಯ ಆರಂಭದಲ್ಲೇ ಒಂದು ಕಡತ ತೆರೆಯಿರಿ. ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ನಿಮ್ಮ ಶಾಲೆಯ ಎನ್‌ಸಿಎಎ ಮಾನ್ಯ ವಿಷಯಗಳ ಪಟ್ಟಿ, ವೈದ್ಯಕೀಯ ತಪಾಸಣೆಯ ವರದಿಗಳು, ಆರು ತಿಂಗಳಿಗೊಮ್ಮೆ ಅಳೆದ ಎತ್ತರ, ತೂಕ ಮತ್ತು ಚಾಚಿದ ತೋಳಿನ ಉದ್ದ, ಸಹಿ ಮಾಡಿದ ಪ್ರತಿಯೊಂದು ಕಾಗದದ ನಕಲು ಅದರಲ್ಲಿರಬೇಕು. ಎತ್ತರವನ್ನು ಶೂ ಬಿಚ್ಚಿ ಅಳೆಯಿರಿ, ಏಕೆಂದರೆ ಮುಂದೆ ಅಳೆಯುವವರೂ ಹಾಗೆಯೇ ಅಳೆಯುತ್ತಾರೆ. ಪಂದ್ಯಗಳನ್ನು ಪೂರ್ತಿಯಾಗಿ ಚಿತ್ರೀಕರಿಸಲು ಒಂದು ಸ್ಟ್ಯಾಂಡ್ ಮತ್ತು ಸಾಧಾರಣ ಕ್ಯಾಮೆರಾ ಸಾಕು. ದುಬಾರಿ ಶೂ, ಜಿಗಿತ ಹೆಚ್ಚಿಸುವುದಾಗಿ ಹೇಳುವ ಸಾಧನಗಳು ಯಾವುದೂ ಈ ಪಟ್ಟಿಯಲ್ಲಿಲ್ಲ.

1. ಮೊದಲು ಅಂಕಪಟ್ಟಿ (ಒಂಬತ್ತು ಮತ್ತು ಹತ್ತನೆಯ ತರಗತಿ)

ಎನ್‌ಸಿಎಎಯ ಮೊದಲ ಶ್ರೇಣಿಯಾದ ಡಿವಿಷನ್ ಒಂದರಲ್ಲಿ ಆಡಲು ಹೈಸ್ಕೂಲ್‌ನಲ್ಲಿ 16 ಮೂಲ ವಿಷಯಗಳನ್ನು ಮುಗಿಸಿರಬೇಕು. ಇಂಗ್ಲಿಷ್ ನಾಲ್ಕು ವರ್ಷ, ಬೀಜಗಣಿತ ಅಥವಾ ಅದಕ್ಕಿಂತ ಮೇಲಿನ ಗಣಿತ ಮೂರು ವರ್ಷ, ವಿಜ್ಞಾನ ಎರಡು ವರ್ಷ, ಈ ಮೂರರಲ್ಲೇ ಯಾವುದಾದರೂ ಒಂದು ಹೆಚ್ಚುವರಿ ವರ್ಷ, ಸಮಾಜ ವಿಜ್ಞಾನ ಎರಡು ವರ್ಷ, ಉಳಿದ ನಾಲ್ಕು ವರ್ಷ ಇವುಗಳಲ್ಲಿ ಅಥವಾ ವಿದೇಶಿ ಭಾಷೆ, ತತ್ತ್ವಶಾಸ್ತ್ರದಂಥ ವಿಷಯಗಳಲ್ಲಿ. ಈ 16 ವಿಷಯಗಳ ಸರಾಸರಿ ಅಂಕ ಮಾತ್ರ ಲೆಕ್ಕಕ್ಕೆ ಬರುತ್ತದೆ, ಮತ್ತು ಅದು ನಾಲ್ಕರ ಅಳತೆಯಲ್ಲಿ ಕನಿಷ್ಠ 2.3 ಇರಬೇಕು. ಎರಡನೆಯ ಶ್ರೇಣಿಗೆ 2.2 ಸಾಕು. ಎಸ್‌ಎಟಿ, ಎಸಿಟಿ ಪರೀಕ್ಷೆಗಳ ಕಡ್ಡಾಯವನ್ನು 2023ರಲ್ಲಿ ತೆಗೆದುಹಾಕಲಾಗಿದೆ. ಆದರೆ ಕೆಲವು ಕಾಲೇಜುಗಳು ಪ್ರವೇಶಕ್ಕಾಗಿ ಅವನ್ನು ಈಗಲೂ ಕೇಳುತ್ತವೆ.

ಹೆಚ್ಚು ಮಂದಿಗೆ ತಿಳಿಯದೆ ಹೋಗುವ ನಿಯಮ ಇದರ ಕೆಳಗೇ ಇದೆ. ಹನ್ನೆರಡನೆಯ ತರಗತಿ, ಅಂದರೆ ಏಳನೆಯ ಸೆಮಿಸ್ಟರ್ ಆರಂಭವಾಗುವ ಮೊದಲೇ ಹದಿನಾರರಲ್ಲಿ 10 ವಿಷಯ ಮುಗಿದಿರಬೇಕು. ಆ ಹತ್ತರಲ್ಲಿ 7 ಇಂಗ್ಲಿಷ್, ಗಣಿತ ಅಥವಾ ವಿಜ್ಞಾನದವಾಗಿರಬೇಕು. ಆ ಹತ್ತರ ಅಂಕಗಳಿಗೆ ಅಲ್ಲಿಗೇ ಬೀಗ ಬಿದ್ದಂತೆ. ಮತ್ತೆ ಬರೆದು ಸರಾಸರಿಯನ್ನು ಏರಿಸಿಕೊಳ್ಳಲು ಆಗುವುದಿಲ್ಲ. ಒಂಬತ್ತನೆಯ ತರಗತಿಯ ಬೀಜಗಣಿತದಲ್ಲಿ ಅನುತ್ತೀರ್ಣನಾದ ಹುಡುಗನಿಗೆ ಕೊನೆಯ ವರ್ಷದಲ್ಲಿ ಎಷ್ಟು ಓದಿದರೂ ಆ ಹಾನಿಯನ್ನು ತುಂಬಲಾಗದಿರುವುದು ಇದರಿಂದಲೇ.

ಮಾಡಬೇಕಾದದ್ದು ಹೀಗಿದೆ. ಶಾಲೆಯ ಕೌನ್ಸೆಲರ್ ಅವರನ್ನು ಒಂಬತ್ತನೆಯ ತರಗತಿಯಲ್ಲೇ ಭೇಟಿಯಾಗಿ, ವಿಷಯದ ಹೆಸರು ಎನ್‌ಸಿಎಎಯ ಪಟ್ಟಿಯಲ್ಲಿ ಅಕ್ಷರಶಃ ಇದೆಯೇ ಎಂದು ಇಬ್ಬರೂ ಸೇರಿ ನೋಡಬೇಕು. ಶಾಲೆ ಪದವಿಗೆ ಒಪ್ಪುವ ಎಲ್ಲ ವಿಷಯವನ್ನೂ ಎನ್‌ಸಿಎಎ ಒಪ್ಪುವುದಿಲ್ಲ. ಆನ್‌ಲೈನ್ ತರಗತಿ ಮತ್ತು ಅನುತ್ತೀರ್ಣ ವಿಷಯವನ್ನು ಚುಟುಕಾಗಿ ಮುಗಿಸುವ ಕೋರ್ಸುಗಳ ಬಗ್ಗೆ ಇಮ್ಮಡಿ ಎಚ್ಚರ ಬೇಕು. ಹತ್ತನೆಯ ತರಗತಿಯೊಳಗೆ ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ಖಾತೆ ತೆರೆಯಿರಿ. ಶಾಲೆ ಬದಲಿಸಿದರೆ ಹಳೆಯ ಶಾಲೆಯ ಅಂಕಪಟ್ಟಿಯನ್ನೂ ಆ ಕೇಂದ್ರಕ್ಕೆ ಶಾಲೆಯಿಂದಲೇ ಕಳುಹಿಸಬೇಕಾಗುತ್ತದೆ.

ಎಚ್ಚರಿಕೆಯ ಗುರುತು: "ಅವನು ಆಡಿದರೆ ಸಾಕು, ಓದಿನ ಭಾಗವನ್ನು ನಾವು ನೋಡಿಕೊಳ್ಳುತ್ತೇವೆ" ಎಂದು ಹೇಳುವ ಯಾವುದೇ ಶಾಲೆ ಅಥವಾ ತಂಡ. ಆ ಮಾತು ಕೇಳಿದ ದಿನವೇ ಮಾನ್ಯ ವಿಷಯಗಳ ಪಟ್ಟಿಯನ್ನು ಲಿಖಿತವಾಗಿ ಕೇಳಿ.

2. ದೇಹವನ್ನು ಕಾಯುವುದು, ಆಮೇಲೆ ಬೆಳೆಸುವುದು

ಹದಿನಾಲ್ಕರಿಂದ ಹದಿನೆಂಟರವರೆಗೆ ದೇಹ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಮೂಳೆ ಉದ್ದವಾಗುವ ಅವಧಿಯಲ್ಲಿ ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಆಗ ಜಿಗಿತದ ಅಭ್ಯಾಸವನ್ನು ಕಡಿಮೆ ಮಾಡಬೇಕೇ ಹೊರತು ನೋವಿನ ಮಾತ್ರೆ ನುಂಗಿ ಇನ್ನಷ್ಟು ಜಿಗಿಯಬಾರದು. ಹೈಸ್ಕೂಲ್ ಋತು, ಬೇಸಿಗೆ ತಂಡ, ಖಾಸಗಿ ತರಬೇತುದಾರ ಈ ಮೂವರೂ ಪರಸ್ಪರ ಮಾತಾಡದೆ ತಮ್ಮ ತಮ್ಮ ಭಾರವನ್ನು ಒಂದೇ ದೇಹದ ಮೇಲೆ ಹೇರುವುದು ಈ ಹಂತದ ಅತಿ ಸಾಮಾನ್ಯ ತಪ್ಪು. ವಾರದ ಒಟ್ಟು ಗಂಟೆಗಳನ್ನು ಮನೆಯವರೇ ಒಂದು ಹಾಳೆಯಲ್ಲಿ ಬರೆದಿಡಬೇಕು. ವಾರದಲ್ಲಿ ಕನಿಷ್ಠ ಒಂದು ದಿನ ಪೂರ್ಣ ವಿಶ್ರಾಂತಿ, ರಾತ್ರಿ 8ರಿಂದ 10 ಗಂಟೆ ನಿದ್ದೆ, ವರ್ಷದಲ್ಲಿ ಕೆಲವು ವಾರ ಚೆಂಡನ್ನು ಮುಟ್ಟದ ಬಿಡುವು ಇವು ಸೋಮಾರಿತನವಲ್ಲ, ತರಬೇತಿಯ ಭಾಗಗಳೇ.

ತೂಕ ಎತ್ತುವ ಅಭ್ಯಾಸವನ್ನು ತಿಳಿದವರ ಕಣ್ಗಾವಲಿನಲ್ಲಿ ಹೈಸ್ಕೂಲ್‌ನಲ್ಲೇ ಆರಂಭಿಸಬಹುದು. ಜಿಗಿಯುವುದಕ್ಕಿಂತ ಮೊದಲು ಇಳಿಯುವುದನ್ನು ಕಲಿಸಿ: ಮಂಡಿಗಳು ಒಳಕ್ಕೆ ಬಾಗದೆ, ಸೊಂಟ ಹಿಂದಕ್ಕೆ ಹೋಗಿ, ಎರಡೂ ಪಾದ ಮೆತ್ತಗೆ ನೆಲ ಮುಟ್ಟಬೇಕು. ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವ ಅಪಾಯ ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು. ಇಳಿಯುವ ಮತ್ತು ತಿರುಗುವ ಕ್ರಮವನ್ನು ತಿದ್ದುವ ವಾರ್ಮ್‌ಅಪ್ ಆ ಅಪಾಯವನ್ನು ತಗ್ಗಿಸುತ್ತದೆ. ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮುಟ್ಟು ತಿಂಗಳುಗಟ್ಟಲೆ ನಿಂತುಹೋದರೆ ಅದು ಕಠಿಣ ಅಭ್ಯಾಸದ ಹೆಮ್ಮೆಯ ಗುರುತಲ್ಲ. ಖರ್ಚಾಗುವ ಶಕ್ತಿಗೆ ತಕ್ಕ ಊಟ ದೇಹಕ್ಕೆ ಸಿಗುತ್ತಿಲ್ಲ ಎಂಬುದರ ಸೂಚನೆಯಾಗಿರಬಹುದು, ಮತ್ತು ಅದರ ಹಿಂದೆಯೇ ಮೂಳೆಯ ಬಿರುಕು ಬರಬಹುದು.

ತಡಮಾಡದೆ ವೈದ್ಯರ ಬಳಿಗೆ ಹೋಗಬೇಕಾದ ಸಂದರ್ಭಗಳಿವೆ. ಓಡುತ್ತಿರುವಾಗ ತಲೆ ಸುತ್ತಿ ಬೀಳುವುದು, ಶ್ರಮದ ನಡುವೆ ಎದೆನೋವು, ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಹೃದಯಾಘಾತದಿಂದ ಸಾವು ಸಂಭವಿಸಿರುವುದು: ಇವುಗಳಲ್ಲಿ ಒಂದಿದ್ದರೂ ಹೃದ್ರೋಗ ತಜ್ಞರು ಒಪ್ಪುವವರೆಗೆ ಆಡಕೂಡದು. ತಲೆಗೆ ಪೆಟ್ಟು ಬಿದ್ದು ಗೊಂದಲ ಅಥವಾ ವಾಂತಿ ಕಾಣಿಸಿದರೆ ಅದೇ ದಿನ ಅಂಗಳಕ್ಕೆ ಮರಳುವ ಪ್ರಶ್ನೆಯೇ ಇಲ್ಲ.

3. ಮುಂದಿನ ಹಂತದ ಆಟವನ್ನು ಈಗಲೇ ಕಲಿಯುವುದು

ಹೈಸ್ಕೂಲ್‌ನಲ್ಲಿ ಗೆಲ್ಲಿಸುವ ಆಟ ಮತ್ತು ಮುಂದಿನ ಹಂತದಲ್ಲಿ ಬೇಕಾಗುವ ಆಟ ಒಂದೇ ಅಲ್ಲ. ಆರು ಅಡಿ ನಾಲ್ಕು ಇಂಚಿನ ಹುಡುಗ ಶಾಲೆಯಲ್ಲಿ ಎಲ್ಲರಿಗಿಂತ ಎತ್ತರದವನೆಂಬ ಕಾರಣಕ್ಕೆ ಬುಟ್ಟಿಯ ಕೆಳಗೆ ನಿಂತು ಪಂದ್ಯಕ್ಕೆ ಇಪ್ಪತ್ತು ಅಂಕ ಗಳಿಸಬಹುದು. ಅದೇ ಎತ್ತರ ಕಾಲೇಜಿನಲ್ಲಿ ಹೊರಗಿನಿಂದ ಚೆಂಡು ನಡೆಸುವ ಗಾರ್ಡ್‌ನ ಎತ್ತರ. ನಾಲ್ಕು ವರ್ಷ ಬುಟ್ಟಿಗೆ ಬೆನ್ನು ಮಾಡಿ ಆಡಿದವನು ಆಗ ಚೆಂಡು ನಡೆಸುವುದನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ಶಾಲೆಯ ಕೋಚ್‌ಗೆ ಗೆಲುವು ಬೇಕು, ಅದು ನ್ಯಾಯವೇ. ಆದುದರಿಂದ ಆ ಕೊರತೆಯನ್ನು ಋತು ಮುಗಿದ ತಿಂಗಳುಗಳಲ್ಲಿ ತುಂಬಿಕೊಳ್ಳುವುದು ಆಟಗಾರನ ಹೊಣೆ.

ಅಂಗಳವೂ ಬದಲಾಗುತ್ತದೆ. ಹೈಸ್ಕೂಲ್‌ನಲ್ಲಿ ಮೂರು ಅಂಕದ ಗೆರೆ 19 ಅಡಿ 9 ಇಂಚಿನಲ್ಲಿದೆ. ಕಾಲೇಜಿನಲ್ಲಿ ಅದು 22 ಅಡಿ ಒಂದೂ ಮುಕ್ಕಾಲು ಇಂಚಿಗೆ ಸರಿಯುತ್ತದೆ. ಎನ್‌ಬಿಎಯಲ್ಲಿ ಮೂಲೆಗಳಲ್ಲಿ 22 ಅಡಿ, ಮೇಲ್ಭಾಗದಲ್ಲಿ 23 ಅಡಿ 9 ಇಂಚು. ದಾಳಿಗೆ ಸಿಗುವ ಸಮಯ ಕಾಲೇಜು ಪುರುಷರ ಆಟದಲ್ಲಿ 30 ಸೆಕೆಂಡ್, ಎನ್‌ಬಿಎಯಲ್ಲಿ 24. ಪಂದ್ಯದ ಅವಧಿ 32 ನಿಮಿಷದಿಂದ 40ಕ್ಕೆ, ಅಲ್ಲಿಂದ 48ಕ್ಕೆ ಬೆಳೆಯುತ್ತದೆ. ಹಾಗೆಂದು ಹದಿನಾಲ್ಕರ ಹುಡುಗ ಎನ್‌ಬಿಎ ಗೆರೆಯಿಂದ ಎಸೆಯಲು ಹೊರಟರೆ, ಶಕ್ತಿ ಸಾಲದೆ ಚೆಂಡನ್ನು ಎದೆಯಿಂದ ತಳ್ಳುವ ಅಭ್ಯಾಸ ಬಿದ್ದು ಶಾಟ್ ಕೆಡುತ್ತದೆ. ಹತ್ತಿರದಲ್ಲಿ ಒಂದೇ ರೂಪದ ಶಾಟ್ ಕೂತ ಮೇಲೆ ಒಂದೊಂದೇ ಅಡಿ ಹಿಂದೆ ಸರಿಯಬೇಕು. ಪ್ರಗತಿಯನ್ನು ಅಳೆಯಲು ಫ್ರೀ ಥ್ರೋ ಪ್ರತಿಶತವನ್ನು ನೋಡಿ. ಅಡ್ಡ ಬರುವವರಿಲ್ಲದ ಆ ಎಸೆತ ಶಾಟ್‌ನ ನಿಜವಾದ ಸ್ಥಿತಿಯನ್ನು ಹೇಳುತ್ತದೆ, ಮತ್ತು ಪ್ರತಿಭಾನ್ವೇಷಕರೂ ಅದನ್ನು ನೋಡುತ್ತಾರೆ.

ಅಭ್ಯಾಸದಲ್ಲಿ ಎಸೆದದ್ದನ್ನಲ್ಲ, ಬುಟ್ಟಿಗೆ ಬಿದ್ದದ್ದನ್ನು ಎಣಿಸಿ. ನಿಂತಲ್ಲೇ ಎಸೆಯುವ ನೂರಕ್ಕಿಂತ ಓಡಿ ಬಂದು, ಪಾಸ್ ಹಿಡಿದು, ದಣಿದ ಕಾಲಿನಲ್ಲಿ ಎಸೆಯುವ ಮೂವತ್ತು ಹೆಚ್ಚು ಉಪಯುಕ್ತ. ಆದರೂ ನನ್ನ ಅಭಿಪ್ರಾಯದಲ್ಲಿ ಹೈಸ್ಕೂಲ್ ಆಟಗಾರರು ಅತ್ಯಂತ ಕಡಿಮೆ ಗಮನ ಕೊಡುವುದು ಶಾಟ್‌ಗೆ ಅಲ್ಲ, ರಕ್ಷಣೆಗೆ. ಎದುರಾಳಿ ಸ್ಕ್ರೀನ್ ಹಾಕಿದಾಗ, ಅಂದರೆ ರಕ್ಷಕನ ದಾರಿಗೆ ಅಡ್ಡ ನಿಂತಾಗ, ಯಾರು ಯಾರನ್ನು ಹಿಡಿಯಬೇಕು ಎಂದು ಗಟ್ಟಿಯಾಗಿ ಕೂಗಿ ಹೇಳುವ, ಚೆಂಡಿಲ್ಲದ ಕಡೆ ಒಂದು ಹೆಜ್ಜೆ ಮೊದಲೇ ಸರಿದು ನಿಲ್ಲುವ ಹುಡುಗನಿಗೆ ಕಾಲೇಜಿನ ಮೊದಲ ವರ್ಷದಲ್ಲೇ ಆಡುವ ನಿಮಿಷಗಳು ಸಿಗುತ್ತವೆ. ಅಂಕ ಗಳಿಸುವ ಹೊಸಬರು ಪ್ರತಿ ತಂಡದಲ್ಲೂ ಸಾಲುಗಟ್ಟಿ ಕೂತಿರುತ್ತಾರೆ.

4. ಬೇಸಿಗೆ ತಂಡವನ್ನು ಆರಿಸುವುದು

ಕಾಲೇಜು ಕೋಚ್‌ಗಳಿಗೆ ಚಳಿಗಾಲದಲ್ಲಿ ತಮ್ಮದೇ ಪಂದ್ಯಗಳಿರುವುದರಿಂದ, ಹೆಚ್ಚಿನ ಹೈಸ್ಕೂಲ್ ಆಟಗಾರರನ್ನು ಅವರು ನೋಡುವುದು ವಸಂತ ಮತ್ತು ಬೇಸಿಗೆಯ ಕ್ಲಬ್ ಪಂದ್ಯಾವಳಿಗಳಲ್ಲಿ. ನೈಕಿಯ ಇವೈಬಿಎಲ್, ಅಡಿಡಾಸ್ ಮತ್ತು ಅಂಡರ್ ಆರ್ಮರ್ ನಡೆಸುವ ಸರಣಿಗಳು ಇವುಗಳಲ್ಲಿ ಮೇಲಿನ ಸಾಲಿನವು. ಕೋಚ್‌ಗಳು ಬಂದು ನೋಡಲು ಎನ್‌ಸಿಎಎ ಅನುಮತಿಸುವ ದಿನಗಳು ಮತ್ತು ಪಂದ್ಯಾವಳಿಗಳು ಗೊತ್ತುಪಡಿಸಲ್ಪಟ್ಟಿರುತ್ತವೆ. ಆ ಪಟ್ಟಿಯಲ್ಲಿಲ್ಲದ ಪಂದ್ಯಾವಳಿಯ ಜಾಹೀರಾತಿನಲ್ಲಿ "ನೂರಾರು ಕೋಚ್‌ಗಳು" ಎಂದು ಬರೆದಿದ್ದರೆ ಅದನ್ನು ನಂಬಬೇಡಿ.

ದೊಡ್ಡ ಸರಣಿಯ ತಂಡದಲ್ಲಿ ಬೆಂಚಿನ ಮೇಲೆ ಕೂರುವುದಕ್ಕಿಂತ ಸಣ್ಣ ತಂಡದಲ್ಲಿ ಇಪ್ಪತ್ತು ನಿಮಿಷ ಆಡುವುದು ಹೆಚ್ಚಿನವರಿಗೆ ಒಳ್ಳೆಯದು. ತಂಡ ಸೇರುವ ಮೊದಲು ಮೂರು ವಿಷಯ ಕೇಳಿ: ವಾರಕ್ಕೆ ಅಭ್ಯಾಸದ ಗಂಟೆಗಳೆಷ್ಟು, ಒಂದು ದಿನಕ್ಕೆ ಪಂದ್ಯಗಳೆಷ್ಟು, ಒಟ್ಟು ಖರ್ಚು ಏನು ಮತ್ತು ಅದನ್ನು ಯಾರು ಭರಿಸುತ್ತಾರೆ. ಮೂರನೆಯದಕ್ಕೆ "ಚಿಂತೆ ಮಾಡಬೇಡಿ" ಎಂಬ ಉತ್ತರ ಬಂದರೆ ಖಂಡಿತ ಚಿಂತೆ ಮಾಡಿ. ಏಜೆಂಟರ ಪರವಾಗಿ ಕೊಟ್ಟ ಹಣ ಅಥವಾ ಉಡುಗೊರೆ ನಿಮ್ಮ ಅರ್ಹತೆಯನ್ನು ಮುಂದೆ ಪ್ರಶ್ನೆಗೊಳಪಡಿಸಬಹುದು, ಮತ್ತು ಅದನ್ನು ಕೊಟ್ಟವರು ಒಂದು ದಿನ ಲೆಕ್ಕ ಕೇಳುತ್ತಾರೆ.

5. ವಿಡಿಯೊ ಮತ್ತು ಪತ್ರ

ಕೋಚ್‌ಗಳು ನಿಮ್ಮನ್ನು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆಂದು ಕಾಯುವುದು ಬೇಡ. ಮೂರು ನಾಲ್ಕು ನಿಮಿಷದ ವಿಡಿಯೊ ಒಂದನ್ನು ಸಿದ್ಧಪಡಿಸಿ, ಮೊದಲ ಐದು ತುಣುಕುಗಳಲ್ಲೇ ನಿಮ್ಮ ಮುಖ್ಯ ಬಲಗಳು ಕಾಣುವಂತೆ ಜೋಡಿಸಿ. ಪ್ರತಿ ತುಣುಕಿನ ಆರಂಭದಲ್ಲಿ ನೀವು ಯಾರೆಂದು ಒಂದು ವೃತ್ತ ಅಥವಾ ಬಾಣದಿಂದ ತೋರಿಸಿ. ಹಾಡು, ನಿಧಾನಚಲನೆ, ಹೊಳೆಯುವ ಅಕ್ಷರಗಳು ಬೇಡ. ಅದರ ಜೊತೆಗೆ ಎರಡು ಪೂರ್ಣ ಪಂದ್ಯಗಳ ಕೊಂಡಿ ಇರಲೇಬೇಕು, ಅದರಲ್ಲಿ ಒಂದು ಬಲಿಷ್ಠ ಎದುರಾಳಿಯ ವಿರುದ್ಧದ್ದಾಗಿರಲಿ. ತಪ್ಪು ಮಾಡಿದ ಮರುಕ್ಷಣ ಹುಡುಗ ಏನು ಮಾಡುತ್ತಾನೆ ಎಂಬುದನ್ನು ಕೋಚ್ ನೋಡುವುದು ಆ ಪೂರ್ಣ ಪಂದ್ಯದಲ್ಲೇ.

ಪತ್ರವನ್ನು ಆಟಗಾರನೇ ಬರೆಯಬೇಕು, ತಂದೆತಾಯಿಯಲ್ಲ. ಹೆಸರು, ಪದವಿ ವರ್ಷ, ಶೂ ಇಲ್ಲದ ಎತ್ತರ, ಸ್ಥಾನ, ಮೂಲ ವಿಷಯಗಳ ಸರಾಸರಿ, ಎನ್‌ಸಿಎಎ ಸಂಖ್ಯೆ, ಮುಂದಿನ ಪಂದ್ಯಗಳ ವೇಳಾಪಟ್ಟಿ, ಇಬ್ಬರು ಕೋಚ್‌ಗಳ ಸಂಪರ್ಕ, ಆ ಕಾಲೇಜನ್ನೇ ಏಕೆ ಆರಿಸಿದೆ ಎಂಬ ಎರಡು ಪ್ರಾಮಾಣಿಕ ವಾಕ್ಯ ಸಾಕು. ಡಿವಿಷನ್ ಒಂದರ ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹತ್ತನೆಯ ತರಗತಿ ಮುಗಿದ ನಂತರದ ಜೂನ್ 15ರವರೆಗೆ ಕೋಚ್‌ಗಳು ಆಟಗಾರನಿಗೆ ಖಾಸಗಿಯಾಗಿ ಸಂದೇಶ ಕಳುಹಿಸುವಂತಿಲ್ಲ. ಅದಕ್ಕೂ ಮೊದಲು ಉತ್ತರ ಬಾರದಿದ್ದರೆ ಅದನ್ನು ತಿರಸ್ಕಾರವೆಂದು ಭಾವಿಸಬೇಡಿ. ಆ ದಿನಾಂಕ ಕಳೆದು ಒಂದು ವರ್ಷವಾದರೂ ಶಿಬಿರಗಳ ಜಾಹೀರಾತು ಬಿಟ್ಟರೆ ಬೇರೇನೂ ಬಾರದಿದ್ದಲ್ಲಿ ಮಾತ್ರ, ಹುಡುಕುತ್ತಿರುವ ಶ್ರೇಣಿ ಮೇಲಾಯಿತೆಂದು ತಿಳಿದು ಪಟ್ಟಿಯನ್ನು ಬದಲಿಸಬೇಕು. ವಿದ್ಯಾರ್ಥಿವೇತನದ ಖಾತರಿ ಕೊಡುತ್ತೇವೆಂದು ಹಣ ಕೇಳುವ ಸೇವೆಗಳಿಂದ ದೂರವಿರಿ. ಅಂಥ ಖಾತರಿ ಕೊಡುವ ಅಧಿಕಾರ ಕಾಲೇಜನ್ನು ಬಿಟ್ಟು ಯಾರಿಗೂ ಇಲ್ಲ.

6. ಕಾಲೇಜನ್ನು ಆರಿಸಿ ಸಹಿ ಹಾಕುವುದು

ಡಿವಿಷನ್ ಒಂದರಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳಿವೆ, ಆದರೆ ದಾರಿ ಅದೊಂದೇ ಅಲ್ಲ. ಎರಡನೆಯ ಶ್ರೇಣಿಯಲ್ಲಿ ಹೆಚ್ಚಾಗಿ ಭಾಗಶಃ ವಿದ್ಯಾರ್ಥಿವೇತನ ಸಿಗುತ್ತದೆ. ಮೂರನೆಯದರಲ್ಲಿ ಕ್ರೀಡೆಗಾಗಿ ವೇತನವಿಲ್ಲ, ಓದಿನ ಮತ್ತು ಆರ್ಥಿಕ ಅಗತ್ಯದ ನೆರವಿದೆ. ಎನ್‌ಎಐಎ ಎಂಬ ಬೇರೆಯೇ ಸಂಘಟನೆಯಿದೆ. ಎರಡು ವರ್ಷದ ಜೂನಿಯರ್ ಕಾಲೇಜುಗಳಿವೆ. ಜಿಮ್ಮಿ ಬಟ್ಲರ್ ಟೆಕ್ಸಸ್‌ನ ಟೈಲರ್ ಜೂನಿಯರ್ ಕಾಲೇಜಿನಲ್ಲಿ ಆಡಿ, ಅಲ್ಲಿಂದ ಮಾರ್ಕೆಟ್ ವಿಶ್ವವಿದ್ಯಾಲಯಕ್ಕೆ ಹೋಗಿ, 2011ರಲ್ಲಿ 30ನೆಯ ಆಯ್ಕೆಯಾದವರು. ಡಂಕನ್ ರಾಬಿನ್ಸನ್ ಮೂರನೆಯ ಶ್ರೇಣಿಯ ವಿಲಿಯಮ್ಸ್ ಕಾಲೇಜಿನಿಂದ ಮಿಷಿಗನ್‌ಗೆ ಬಂದು, 2018ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದರೂ ಮಯಾಮಿ ಹೀಟ್ ತಂಡ ಸೇರಿದರು. ಇವು ಅಪರೂಪದ ಉದಾಹರಣೆಗಳೇ. ಆದರೂ ಕೆಳಗಿನ ಶ್ರೇಣಿಯಲ್ಲಿ ಆಡುವುದು ಬಾಗಿಲನ್ನು ಮುಚ್ಚುವುದಿಲ್ಲ, ಆಡದೆ ಕೂರುವುದು ಮುಚ್ಚುತ್ತದೆ.

ಬಾಯಿಮಾತಿನ ಆಹ್ವಾನಕ್ಕೆ ಕಾನೂನಿನ ಬಲವಿಲ್ಲ. "ಇವತ್ತೇ ಒಪ್ಪಿಕೊಂಡರೆ ಈ ಸ್ಥಾನ ನನಗೆ ಇರುತ್ತದೆಯೇ?" ಎಂದು ನೇರವಾಗಿ ಕೇಳಿ, ತಡವರಿಸಿದ ಉತ್ತರವೂ ಒಂದು ಉತ್ತರವೇ. ಹಿಂದೆ ಇದ್ದ ರಾಷ್ಟ್ರೀಯ ಒಪ್ಪಿಗೆ ಪತ್ರವನ್ನು 2024ರ ಅಕ್ಟೋಬರ್‌ನಲ್ಲಿ ರದ್ದುಮಾಡಲಾಗಿದ್ದು, ಈಗ ಬದ್ಧತೆ ಉಂಟಾಗುವುದು ಲಿಖಿತ ಆರ್ಥಿಕ ನೆರವಿನ ಒಪ್ಪಂದದಿಂದ. ಅದರಲ್ಲಿ ವೇತನ ಎಷ್ಟು ವರ್ಷಕ್ಕೆ, ಗಾಯವಾದರೆ ಏನಾಗುತ್ತದೆ, ಯಾವ ಕಾರಣಕ್ಕೆ ರದ್ದಾಗಬಹುದು ಎಂಬ ಸಾಲುಗಳನ್ನು ಬೆರಳಿಟ್ಟು ಓದಿ.

ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ ಈ ಹಂತವನ್ನು ಕಠಿಣವಾಗಿಸಿದೆ. ಈಗಾಗಲೇ ಎರಡು ಮೂರು ವರ್ಷ ಕಾಲೇಜಿನಲ್ಲಿ ಆಡಿರುವ ಇಪ್ಪತ್ತೊಂದರ ಆಟಗಾರನನ್ನು ತರಲು ಸಾಧ್ಯವಿರುವಾಗ, ಅನೇಕ ಕೋಚ್‌ಗಳು ಹೈಸ್ಕೂಲ್‌ನಿಂದ ಬರುವವರಿಗೆ ಕಡಿಮೆ ಸ್ಥಾನ ಇಡುತ್ತಾರೆ. ಆದುದರಿಂದ ಭೇಟಿಗೆ ಹೋದಾಗ ನಿಮ್ಮ ಸ್ಥಾನದಲ್ಲಿ ಮುಂದಿನ ವರ್ಷ ಯಾರು ಉಳಿಯುತ್ತಾರೆ, ಕಳೆದ ಮೂರು ವರ್ಷಗಳಲ್ಲಿ ಹೈಸ್ಕೂಲ್‌ನಿಂದ ಬಂದವರಲ್ಲಿ ಎಷ್ಟು ಮಂದಿ ಅಲ್ಲೇ ಉಳಿದಿದ್ದಾರೆ ಎಂದು ಕೇಳಿ. ಕೋಚ್ ಹೊರಟುಹೋದರೂ ಈ ಕಾಲೇಜಿನಲ್ಲಿ ಓದುವಿರಾ ಎಂಬ ಪ್ರಶ್ನೆಯನ್ನು ಮಾತ್ರ ನಿಮ್ಮನ್ನೇ ಕೇಳಿಕೊಳ್ಳಬೇಕು.

7. ಕಾಲೇಜಿನ ವರ್ಷಗಳು ಮತ್ತು ಹಣ

2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದ ನಂತರ ಕಾಲೇಜುಗಳೇ ನೇರವಾಗಿ ಆದಾಯ ಹಂಚಬಹುದಾಗಿದೆ. ಹೊರಗಿನವರೊಂದಿಗಿನ 600 ಡಾಲರ್‌ಗೂ ಹೆಚ್ಚಿನ ಒಪ್ಪಂದಗಳನ್ನು ವರದಿ ಮಾಡಬೇಕು. ಈ ಹಣಕ್ಕೆ ತೆರಿಗೆ ಇದೆ ಎಂಬುದನ್ನು ಮರೆತು ಎಲ್ಲವನ್ನೂ ಖರ್ಚು ಮಾಡುವುದು ಮೊದಲ ವರ್ಷದವರ ಮಾಮೂಲಿ ತಪ್ಪು; ಬಂದ ದಿನವೇ ಮೂರನೆಯ ಒಂದು ಭಾಗವನ್ನು ಬೇರೆ ಖಾತೆಯಲ್ಲಿ ಇಟ್ಟುಬಿಡಿ. ಭವಿಷ್ಯದ ಎನ್‌ಬಿಎ ಸಂಬಳದಲ್ಲಿ ಪಾಲು ಕೇಳುವ, ಅಥವಾ ಅವಧಿಯೇ ಇಲ್ಲದ ಒಪ್ಪಂದಕ್ಕೆ ಸಹಿ ಹಾಕಕೂಡದು. ವಿದ್ಯಾರ್ಥಿ ವೀಸಾದ ಮೇಲೆ ಓದುತ್ತಿರುವವರು ಇಂಥ ಯಾವ ಹಣವನ್ನು ಮುಟ್ಟುವ ಮೊದಲೂ ವಲಸೆ ವಕೀಲರನ್ನು ಕಾಣಬೇಕು, ಏಕೆಂದರೆ ಆ ವೀಸಾದಲ್ಲಿ ಕೆಲಸದ ಮೇಲೆ ಬಿಗಿಯಾದ ಮಿತಿಗಳಿವೆ.

ಆಟದ ವಿಷಯದಲ್ಲಿ ಒಂದೇ ಸಲಹೆ. ವೃತ್ತಿಪರ ತಂಡಗಳು ಕಾಲೇಜಿನ ತಾರೆಯನ್ನಲ್ಲ, ತಮ್ಮ ತಂಡದ ಎಂಟನೆಯ ಅಥವಾ ಒಂಬತ್ತನೆಯ ಆಟಗಾರನಾಗಬಲ್ಲವನನ್ನು ಹುಡುಕುತ್ತವೆ. ಒಂದು ಕೆಲಸವನ್ನು ಎನ್‌ಬಿಎ ಮಟ್ಟದಲ್ಲಿ ಮಾಡಿ ತೋರಿಸಬಲ್ಲಿರಾದರೆ, ಅದು ಮೂರು ಅಂಕದ ಶಾಟ್ ಆಗಲಿ, ಎದುರಾಳಿಯ ಗಾರ್ಡ್‌ನನ್ನು ಕಟ್ಟಿಹಾಕುವುದಾಗಲಿ, ಉಳಿದದ್ದಕ್ಕೆ ಅವರು ಕಾಯುತ್ತಾರೆ.

8. ಡ್ರಾಫ್ಟ್ ನೀರಿನ ಆಳ ನೋಡುವುದು

ಅಮೆರಿಕದ ಆಟಗಾರ ಎನ್‌ಬಿಎ ಡ್ರಾಫ್ಟ್‌ಗೆ ಬರಲು ಆ ವರ್ಷದೊಳಗೆ 19 ತುಂಬಿರಬೇಕು ಮತ್ತು ಅವನ ಹೈಸ್ಕೂಲ್ ತರಗತಿ ಮುಗಿದು ಕನಿಷ್ಠ ಒಂದು ಋತು ಕಳೆದಿರಬೇಕು. 2006ರ ಡ್ರಾಫ್ಟ್‌ನಿಂದ ಜಾರಿಯಲ್ಲಿರುವ ನಿಯಮವಿದು. ಮಹಿಳೆಯರ ಡಬ್ಲ್ಯುಎನ್‌ಬಿಎಯ ವಯಸ್ಸಿನ ನಿಯಮ ಇದಕ್ಕಿಂತ ಬಿಗಿ. ಅಮೆರಿಕದ ಆಟಗಾರ್ತಿಯರು ಬಹುಪಾಲು ನಾಲ್ಕು ವರ್ಷದ ಓದು ಮುಗಿಸಿಯೇ ಅಲ್ಲಿಗೆ ಬರುತ್ತಾರೆ, ಆದ್ದರಿಂದ ಅವರ ಪಾಲಿಗೆ ಕಾಲೇಜಿನ ಆಯ್ಕೆ ಇನ್ನೂ ಹೆಚ್ಚಿನ ತೂಕದ್ದು.

ಕಾಲೇಜಿನ ಅವಧಿ ಮುಗಿಯುವ ಮೊದಲೇ ಹೋಗುವವರು ಡ್ರಾಫ್ಟ್‌ಗೆ 60 ದಿನ ಮೊದಲು ಹೆಸರು ಕೊಡಬೇಕು. ಎನ್‌ಬಿಎ ನಿಯಮದ ಪ್ರಕಾರ 10 ದಿನ ಮೊದಲಿನವರೆಗೆ ಹೆಸರು ಹಿಂತೆಗೆದುಕೊಳ್ಳಬಹುದು; ಆದರೆ ಕಾಲೇಜಿಗೆ ಮರಳಿ ಆಡಬೇಕೆಂದರೆ ಎನ್‌ಸಿಎಎ ಇಟ್ಟಿರುವ ದಿನಾಂಕ ಅದಕ್ಕಿಂತ ಮುಂಚೆಯೇ ಬರುತ್ತದೆ. ಈ ಎರಡು ದಿನಾಂಕಗಳನ್ನು ಒಂದೆಂದು ತಿಳಿದು ಬಾಗಿಲು ಮುಚ್ಚಿಸಿಕೊಳ್ಳುವ ಅಪಾಯವಿದೆ, ಆದ್ದರಿಂದ ಆ ವರ್ಷದ ದಿನಾಂಕಗಳನ್ನು ಕಾಲೇಜಿನ ನಿಯಮಪಾಲನಾ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ.

ಕ್ರಮ ಹೀಗಿರಲಿ. ಮೊದಲು ಎನ್‌ಬಿಎಯ ಸಲಹಾ ಸಮಿತಿಯಿಂದ ನಿಮ್ಮ ಸ್ಥಾನದ ಅಂದಾಜು ಕೇಳಿ. ಆಮೇಲೆ ಹೆಸರು ಕೊಡಿ. ಪ್ರತಿನಿಧಿ ಬೇಕೆಂದರೆ ಎನ್‌ಸಿಎಎ ಮಾನ್ಯ ಮಾಡಿದ ಏಜೆಂಟರನ್ನು ಮಾತ್ರ ಹಿಡಿಯಿರಿ. ಕಾಲೇಜಿಗೆ ಮರಳುವುದಾದರೆ ಆ ಒಪ್ಪಂದವನ್ನು ಮುರಿಯಬೇಕು. ಆಟಗಾರರನ್ನು ಅಳೆದು ಪರೀಕ್ಷಿಸಲು ಮೇ ತಿಂಗಳಲ್ಲಿ ಷಿಕಾಗೊದಲ್ಲಿ ನಡೆಯುವ ಕಂಬೈನ್ ಎಂಬ ಶಿಬಿರಕ್ಕೆ ಕರೆ ಬಂತೇ, ಎಷ್ಟು ತಂಡಗಳು ತಮ್ಮ ಅಂಗಳಕ್ಕೆ ಖಾಸಗಿಯಾಗಿ ಕರೆದವು ಎಂಬುದನ್ನು ನೋಡಿ. ಕಂಬೈನ್‌ಗೆ ಕರೆಯಿಲ್ಲ, ಬೆರಳೆಣಿಕೆಯ ತಂಡಗಳು ಮಾತ್ರ ಮಾತಾಡಿವೆ ಎಂದಾದರೆ, ಗೆಳೆಯರು ಮತ್ತು ಅಂತರ್ಜಾಲದ ಪಟ್ಟಿಗಳು ಏನೇ ಹೇಳಲಿ, ಮರಳುವುದೇ ಲೇಸು. ಕೊನೆಯ ದಿನಾಂಕ ದಾಟಿದ ಮೇಲೆ ಕಾಲೇಜಿಗೆ ಹಿಂದಿರುಗುವ ವಿಚಾರವನ್ನು ಲೆಕ್ಕದಲ್ಲೇ ಹಿಡಿಯಬಾರದು.

9. ಡ್ರಾಫ್ಟ್ ರಾತ್ರಿಯ ನಂತರದ ಕಾಗದಗಳು

ಎರಡು ಸುತ್ತುಗಳಲ್ಲಿ ಒಟ್ಟು 60 ಸ್ಥಾನಗಳಿದ್ದು, ಅವುಗಳಿಗೆ ಇಡೀ ಜಗತ್ತಿನ ಆಟಗಾರರು ಸ್ಪರ್ಧಿಸುತ್ತಾರೆ. ಮೊದಲ ಸುತ್ತಿನವರಿಗೆ ನಿಗದಿತ ದರಪಟ್ಟಿಯಿದೆ: ಮೊದಲ ಎರಡು ವರ್ಷದ ಸಂಬಳ ಖಚಿತ, ಮೂರು ಮತ್ತು ನಾಲ್ಕನೆಯ ವರ್ಷ ತಂಡದ ಇಚ್ಛೆ. ಎರಡನೆಯ ಸುತ್ತಿನವರಿಗೆ ಅಂಥ ಖಾತರಿ ಇಲ್ಲ. ಆಯ್ಕೆಯಾಗುವುದು ಮತ್ತು ತಂಡದಲ್ಲಿ ಉಳಿಯುವುದು ಎರಡು ಬೇರೆ ಸಂಗತಿಗಳು ಎಂಬುದಕ್ಕೆ ಸತ್ನಾಮ್ ಸಿಂಗ್ ಭಮರಾ ಅವರ ಹಾದಿ ಸಾಕ್ಷಿ. ಪಂಜಾಬಿನ ಹಳ್ಳಿಯಿಂದ ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಬಂದು, 2015ರಲ್ಲಿ ಡಲ್ಲಾಸ್ ಮಾವರಿಕ್ಸ್ ತಂಡಕ್ಕೆ 52ನೆಯವರಾಗಿ ಆಯ್ಕೆಯಾದ ಮೊದಲ ಭಾರತೀಯ ಅವರು. ಎನ್‌ಬಿಎಯ ಲೀಗ್ ಪಂದ್ಯವೊಂದನ್ನೂ ಆಡುವ ಅವಕಾಶ ಅವರಿಗೆ ಸಿಗಲಿಲ್ಲ.

ಆಯ್ಕೆಯಾಗದವರಿಗೆ ಡ್ರಾಫ್ಟ್ ಮುಗಿದ ಕೆಲವೇ ಗಂಟೆಗಳಲ್ಲಿ ಕರೆಗಳು ಬರುತ್ತವೆ. ಆಗ ನಿರ್ಧರಿಸಲು ಮೊದಲೇ ಈ ಮೂರು ಕಾಗದಗಳ ವ್ಯತ್ಯಾಸ ಗೊತ್ತಿರಬೇಕು. ಬೇಸಿಗೆ ಲೀಗಿನ ಆಹ್ವಾನವೆಂದರೆ ಕೆಲವು ಪಂದ್ಯಗಳ ಪರೀಕ್ಷೆ ಮಾತ್ರ. ಎಕ್ಸಿಬಿಟ್ 10 ಎಂಬುದು ಖಾತರಿಯಿಲ್ಲದ ಒಂದು ವರ್ಷದ ಒಪ್ಪಂದ. ಶಿಬಿರದಿಂದ ಕೈಬಿಟ್ಟ ಮೇಲೆ ಎನ್‌ಬಿಎಯ ಕೆಳಹಂತದ ಲೀಗಾದ ಜಿ ಲೀಗ್‌ನಲ್ಲಿ ಅದೇ ತಂಡದ ಶಾಖೆಯಲ್ಲಿ 60 ದಿನ ಉಳಿದರೆ ಒಂದು ಬೋನಸ್ ಸಿಗುತ್ತದೆ. ಎನ್‌ಬಿಎ ತಂಡ ಮತ್ತು ಅದರ ಜಿ ಲೀಗ್ ಶಾಖೆ ಎರಡರಲ್ಲೂ ಆಡಿಸುವ ಟೂ-ವೇ ಒಪ್ಪಂದ ಇವುಗಳಿಗಿಂತ ಮೇಲು: ಪ್ರತಿ ತಂಡಕ್ಕೆ ಮೂರು, ಋತುವಿನಲ್ಲಿ 50 ಎನ್‌ಬಿಎ ಪಂದ್ಯಗಳವರೆಗೆ ತಂಡದ ಜೊತೆಗಿರಬಹುದು, ಪ್ಲೇಆಫ್‌ನಲ್ಲಿ ಆಡುವಂತಿಲ್ಲ. ಹೆಸರಾದ ತಂಡ ಎಂಬುದಕ್ಕಿಂತ ನಿಮ್ಮ ಸ್ಥಾನದಲ್ಲಿ ಜನ ಕಡಿಮೆ ಇರುವ ತಂಡವನ್ನು ಆರಿಸಿ. 2016ರಲ್ಲಿ ಆಯ್ಕೆಯಾಗದೆ ಟೊರಾಂಟೊ ಸೇರಿದ ಫ್ರೆಡ್ ವ್ಯಾನ್‌ವ್ಲೀಟ್ ಅದರ ಜಿ ಲೀಗ್ ಶಾಖೆಯಲ್ಲೂ ಆಡಿ, 2019ರಲ್ಲಿ ಚಾಂಪಿಯನ್ ತಂಡದ ಭಾಗವಾದರು.

ಏಜೆಂಟರನ್ನು ಆರಿಸುವಾಗ ಆಟಗಾರರ ಸಂಘದ ಮಾನ್ಯತೆ ಇದೆಯೇ ನೋಡಿ. ಎನ್‌ಬಿಎ ಒಪ್ಪಂದದ ಮೇಲೆ ಅವರ ಕಮಿಷನ್ ನೂರಕ್ಕೆ 4ನ್ನು ಮೀರುವಂತಿಲ್ಲ. ಸಂಬಳದ ನೂರಕ್ಕೆ 10 ಭಾಗವನ್ನು ಲೀಗ್ ಹಿಡಿದಿಟ್ಟುಕೊಳ್ಳುತ್ತದೆ, ಆಡಿದ ರಾಜ್ಯಗಳಲ್ಲಿ ಹೆಚ್ಚಿನವು ಆದಾಯ ತೆರಿಗೆ ಕೇಳುತ್ತವೆ. ಒಪ್ಪಂದದ ಮೇಲಿರುವ ಅಂಕಿ ಕೈಗೆ ಬರುವ ಅಂಕಿಯಲ್ಲ. ಹಣ ನೋಡಿಕೊಳ್ಳುವವರೂ ಏಜೆಂಟರೂ ಒಬ್ಬರೇ ಆಗಿರಬಾರದು.

10. ಹೊರದೇಶದ ಲೀಗುಗಳು

ಕಾಲೇಜು ಮುಗಿಸಿ ಸಂಬಳಕ್ಕೆ ಆಡುವ ಅಮೆರಿಕದ ಅನೇಕರ ಜೀವನ ನಡೆಯುವುದು ಯುರೋಪ್, ಏಷ್ಯಾ, ಆಸ್ಟ್ರೇಲಿಯಾಗಳಲ್ಲಿ. ಇದನ್ನು ಸೋಲೆಂದು ನೋಡುವವರು ಒಳ್ಳೆಯ ಕ್ಲಬ್‌ಗಳನ್ನು ಬಿಟ್ಟುಕೊಟ್ಟು, ಕರೆ ಬಾರದ ಎನ್‌ಬಿಎ ಶಿಬಿರಕ್ಕಾಗಿ ಶರತ್ಕಾಲದವರೆಗೆ ಕಾದು, ಕೊನೆಗೆ ಉಳಿದ ಕೆಲಸಗಳನ್ನು ಹಿಡಿಯಬೇಕಾಗುತ್ತದೆ. ಹೆಚ್ಚಿನ ಕ್ಲಬ್‌ಗಳು ತಂಡ ಕಟ್ಟುವುದು ಜುಲೈ ಮತ್ತು ಆಗಸ್ಟ್‌ನಲ್ಲಿ.

ಕೆಲವು ಲೀಗುಗಳಲ್ಲಿ ಸಂಬಳ ತಡವಾಗುವುದು ಹೊಸತಲ್ಲ. ಸಹಿ ಹಾಕುವ ಮೊದಲು ಆ ಕ್ಲಬ್‌ನಲ್ಲಿ ಹಿಂದಿನ ವರ್ಷ ಆಡಿದ ವಿದೇಶಿ ಆಟಗಾರರೊಬ್ಬರನ್ನು ಹುಡುಕಿ, ಸಂಬಳ ಯಾವ ತಾರೀಖಿಗೆ ಬರುತ್ತಿತ್ತು ಎಂದು ಕೇಳಿ. ಒಪ್ಪಂದದಲ್ಲಿ ಮೊತ್ತವು ತೆರಿಗೆ ಕಳೆದ ಮೇಲಿನದೇ, ಮನೆ ಮತ್ತು ವಿಮಾನದ ಖರ್ಚು ಯಾರದು, ಗಾಯವಾದರೆ ಚಿಕಿತ್ಸೆ ಮತ್ತು ಸಂಬಳ ಮುಂದುವರಿಯುತ್ತದೆಯೇ, ವೈದ್ಯಕೀಯ ಪರೀಕ್ಷೆ ಎಷ್ಟು ದಿನದೊಳಗೆ ಮುಗಿಯಬೇಕು, ಸಂಬಳ ಎಷ್ಟು ದಿನ ತಡವಾದರೆ ನೀವು ಬಿಟ್ಟು ಹೊರಡಬಹುದು ಎಂಬುದು ಸ್ಪಷ್ಟವಾಗಿರಬೇಕು. ವಿವಾದವಾದರೆ ಅದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ಸ್ಥಾಪಿಸಿದ ಬ್ಯಾಸ್ಕೆಟ್‌ಬಾಲ್ ಮಧ್ಯಸ್ಥಿಕೆ ನ್ಯಾಯಮಂಡಳಿಯ ಮುಂದೆ ಬರಬೇಕೆಂಬ ಸಾಲು ಒಪ್ಪಂದದಲ್ಲಿ ಇರಲೇಬೇಕು; ಆ ಸಾಲು ಇಲ್ಲದಿದ್ದರೆ ಪರದೇಶದ ಸ್ಥಳೀಯ ನ್ಯಾಯಾಲಯಗಳಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ ನಿಮ್ಮ ಸಂಬಳಕ್ಕಾಗಿ ಅಲೆಯಬೇಕಾಗುತ್ತದೆ. ಆ ಸಾಲನ್ನು ಸೇರಿಸಲು ಒಪ್ಪದ ಕ್ಲಬ್‌ಗೆ ವಿಮಾನ ಹತ್ತಬೇಡಿ.